ಸಫಾರಿಯೋ ಎಕ್ಸ್‌ಯುವಿಯೋ: ಹಿಂದಿನ ಸಾಲಿನಿಂದ ಒಂದು ವಿಮರ್ಶೆ

ಉಪ್ಪಿನಬೆಟಗೇರಿಯಂಥ ಊರಿಗೆ ಮೂರು ಸಾಲಿನ ಗಾಡಿ ಶೋಕಿಗಾಗಿ ಬಂದದ್ದಲ್ಲ. ಧಾರವಾಡ ತಾಲ್ಲೂಕಿನ ಈ ಎರಿ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು, ಹಿರಿಯರು ಇನ್ನೂ ಒಂದೇ ಒಲೆಯ ಅಡಿಗೆ ಉಣ್ಣುತ್ತಾರೆ. ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡ, ಮಾಘದಲ್ಲಿ ಉಳವಿ ಜಾತ್ರೆ, ಲಗ್ನದ ಜವಳಿಗೆ ಹುಬ್ಬಳ್ಳಿ, ಅಜ್ಜನ ಎದೆನೋವಿಗೆ ಧಾರವಾಡದ ದವಾಖಾನೆ, ಎಲ್ಲಿಗೆ ಹೊರಟರೂ ಮಂದಿ ಐದಕ್ಕೆ ನಿಲ್ಲುವುದಿಲ್ಲ. ಆ ಕಾರಣಕ್ಕೇ ಹಿಂದೆ ಟ್ರ್ಯಾಕ್ಸು, ಕ್ರೂಸರು ಬಾಡಿಗೆಗೆ ಬರುತ್ತಿದ್ದವು. 1994ರಲ್ಲಿ ಟಾಟಾ ಸುಮೋ, 2000ದಲ್ಲಿ ಮಹೀಂದ್ರ ಬೊಲೆರೊ ಬಂದವು. ಹಿಂಭಾಗದ ಎದುರುಬದುರು ಬೆಂಚುಗಳಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಒಂದು ತಲೆಮಾರೇ ಇಲ್ಲಿದೆ.

ಈಗ ಅದೇ ಮನೆಗಳು ಇಪ್ಪತ್ತು ಲಕ್ಷದ ಆಚೀಚೆಯ ಗಾಡಿ ಕೊಳ್ಳಲು ಹುಬ್ಬಳ್ಳಿಯ ಗೋಕುಲ ರಸ್ತೆಯ ಶೋರೂಮುಗಳನ್ನು ಸುತ್ತುತ್ತಿವೆ. ಮಾತು ಸುತ್ತಿ ಸುತ್ತಿ ಎರಡು ಹೆಸರಿಗೆ ಬಂದು ನಿಲ್ಲುತ್ತದೆ: ಟಾಟಾ ಸಫಾರಿ ಮತ್ತು ಮಹೀಂದ್ರ ಎಕ್ಸ್‌ಯುವಿ 700. ಎರಡೂ 2021ರಲ್ಲಿ ಬಂದವು, ಎರಡೂ ಮಧ್ಯಮ ಗಾತ್ರದವು, ಎರಡೂ ಐಷಾರಾಮದ ಮಾತಾಡುತ್ತವೆ. ಎಕ್ಸ್‌ಯುವಿಯನ್ನು ಮಹೀಂದ್ರ 2026ರ ಜನವರಿಯಲ್ಲಿ ತಿದ್ದಿ 7ಎಕ್ಸ್‌ಒ ಎಂದು ಹೆಸರು ಬದಲಿಸಿದೆ. ಆದರೆ ರಸ್ತೆಯ ಮೇಲೆ ಇಂದು ಹೆಚ್ಚಾಗಿ ಕಾಣುವುದು, ಹಳೆಯ ಗಾಡಿಯಾಗಿ ಕೊಳ್ಳಲು ಸಿಗುವುದು 700. ಹಾಗಾಗಿ ಇಲ್ಲಿಯ ಮಾತು ಅದರ ಬಗ್ಗೆ.

ಈ ಎರಡನ್ನು ಹೋಲಿಸುವವರು ಬಹುತೇಕ ಸ್ಟೇರಿಂಗಿನ ಹಿಂದೆ ಕೂತು ಹೋಲಿಸುತ್ತಾರೆ. ಇಂಜಿನ್, ಪರದೆ, ಸನ್‌ರೂಫ್ ನೋಡಿ ಮುಗಿದ ಮೇಲೆ ಹಿಂದಿನ ಸಾಲಿನ ಬಗ್ಗೆ ಕೇಳಿದರೆ ಬರುವ ಉತ್ತರ ಒಂದೇ: ‘ಹಿಂದ ಹುಡುಗ್ರು ಕೂಡತಾವ ಬಿಡ್ರಿ’. ಆದರೆ ಜಾತ್ರೆಗೆ ಹೊರಟ ಗಾಡಿಯಲ್ಲಿ ಅಲ್ಲಿ ಕೂಡುವವರು ಹುಡುಗರಷ್ಟೇ ಅಲ್ಲ. ಮುಂದೆ ಗಂಡಸರು, ನಡುವೆ ಹಿರಿಯರು ಕೂತ ಮೇಲೆ ಸೊಸೆಯಂದಿರು, ನಾದಿನಿಯರು, ಮಡಿಲಲ್ಲಿ ಕೂಸಿರುವ ತಾಯಿ ಹಿಂದಕ್ಕೆ ಸರಿಯುತ್ತಾರೆ. ಮೂರನೇ ಸಾಲು ಬೇಕೆಂದೇ ಇಷ್ಟು ದುಡ್ಡು ಸುರಿಯುವಾಗ ಆ ಸಾಲಿನಲ್ಲಿ ಕೂಡುವವರ ಮಾತಿಗೆ ಬೆಲೆಯಿಲ್ಲವೆಂದರೆ ಆ ಪರೀಕ್ಷೆಯೇ ಸುಳ್ಳು. ಅದಕ್ಕೆ ಈ ವಿಮರ್ಶೆ ಹಿಂದಿನಿಂದ ಮುಂದಕ್ಕೆ ಬರುತ್ತದೆ.

ಮೊದಲು ಅಳತೆ. ಸಫಾರಿಯ ಎತ್ತರ 1795 ಮಿಲಿಮೀಟರ್, ಎಕ್ಸ್‌ಯುವಿಯದು 1755. ಅಗಲದಲ್ಲೂ ಸಫಾರಿ ಮುಂದು: 1922ಕ್ಕೆ ಎದುರು 1890. ಗಾಲಿಗಳ ನಡುವಿನ ಅಂತರ ಹೆಚ್ಚುಕಡಿಮೆ ಸಮ, 2741 ಮತ್ತು 2750. ನಾಲ್ಕು ಸೆಂಟಿಮೀಟರ್ ಎತ್ತರದಿಂದ ಏನು ಮಹಾ ಎಂದು ಮುಂದೆ ಕೂತವರಿಗೆ ಅನ್ನಿಸಬಹುದು. ಆದರೆ 1998ರ ಮೊದಲ ಸಫಾರಿಯಿಂದಲೂ ಬಂದ ಮೆಟ್ಟಿಲಿನಂತೆ ಏರುವ ಚಾವಣಿಯನ್ನು ಟಾಟಾ ಹೊಸದರಲ್ಲೂ ಉಳಿಸಿಕೊಂಡಿದೆ. ಅದರ ಲಾಭ ನೇರವಾಗಿ ಹಿಂದಿನವರ ತಲೆಗೆ ಸೇರುತ್ತದೆ. ಸಾಧಾರಣ ಎತ್ತರದ ಹೆಂಗಸು ಸೆರಗು ಹೊದ್ದು ಕೂತರೂ ಮೇಲೆ ಒಂದಿಷ್ಟು ಖಾಲಿ ಉಳಿಯುತ್ತದೆ. ಎಕ್ಸ್‌ಯುವಿಯಲ್ಲಿ ಚಾವಣಿ ಹಿಂದಕ್ಕೆ ಇಳಿಯುತ್ತದೆ, ಅಲ್ಲಿ ಅದೇ ಹೆಂಗಸು ಕುತ್ತಿಗೆ ಬಗ್ಗಿಸಿಕೊಳ್ಳಬೇಕಾಗುತ್ತದೆ.

ಆದರೆ ಎರಡರಲ್ಲೂ ಒಂದು ಮೂಲದೋಷವಿದೆ. ಹಿಂದಿನ ನೆಲದ ಕೆಳಗೆ ಸಸ್ಪೆನ್ಷನ್ ಮತ್ತು ಹೊಗೆಕೊಳವೆ ಜಾಗ ಹಿಡಿದಿರುವುದರಿಂದ ನೆಲ ಮೇಲಕ್ಕೆ ಬಂದಿರುತ್ತದೆ. ಚಾವಣಿ ತಾಗಬಾರದೆಂದು ಸೀಟನ್ನು ಕೆಳಗೆ ಇಟ್ಟಿರುತ್ತಾರೆ. ನೆಲಕ್ಕೂ ಸೀಟಿಗೂ ನಡುವೆ ಗೇಣು ಅಂತರವೂ ಸರಿಯಾಗಿ ಸಿಗದೆ ಮೊಣಕಾಲು ಎದೆಯತ್ತ ಏರುತ್ತದೆ, ತೊಡೆಗೆ ಆಸರೆ ಇರುವುದಿಲ್ಲ, ಮೈಭಾರವೆಲ್ಲ ಬೆನ್ನುಮೂಳೆಯ ಬುಡಕ್ಕೆ ಬೀಳುತ್ತದೆ. ಧಾರವಾಡಕ್ಕೆ ಹೋಗಿಬರಲು ಇದು ನಡೆದೀತು. ಹಳಿಯಾಳ, ದಾಂಡೇಲಿ ದಾಟಿ ಉಳವಿಯ ಕಾಡಿನ ತಿರುವುಗಳಲ್ಲಿ ಗಂಟೆಗಟ್ಟಲೆ ಹೀಗೆ ಕೂತವರು ಇಳಿಯುವಾಗ ಸೊಂಟ ಹಿಡಿದುಕೊಂಡೇ ಇಳಿಯುತ್ತಾರೆ.

ಕುಲುಕಾಟದ ಮಾತೂ ಇದರ ಜೊತೆಗೇ ಬರುತ್ತದೆ. ಎರಿ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿಬಿಡುತ್ತದೆ. ಅದರ ಮೇಲೆ ಹಾಕಿದ ಡಾಂಬರು ಎರಡು ಮೂರು ವರ್ಷದಲ್ಲಿ ಅಲೆಅಲೆಯಾಗುತ್ತದೆ. ಮೂರನೇ ಸಾಲು ಹಿಂದಿನ ಗಾಲಿಗಳ ನೆತ್ತಿಯ ಮೇಲೆಯೇ ಇರುವುದರಿಂದ ಪ್ರತಿ ಅಲೆಯ ಪೂರ್ತಿ ಏಟು ಅಲ್ಲಿಗೇ ಬರುತ್ತದೆ. ಇಲ್ಲಿ ಎಕ್ಸ್‌ಯುವಿ ಗೆಲ್ಲುತ್ತದೆ. ಅದರ ಹಿಂಗಾಲಿಗಳಿಗೆ ಸ್ವತಂತ್ರವಾಗಿ ಆಡುವ ಮಲ್ಟಿಲಿಂಕ್ ಸಸ್ಪೆನ್ಷನ್ ಇದೆ. ಒಂದು ಗಾಲಿ ತಗ್ಗಿಗೆ ಇಳಿದರೆ ಇನ್ನೊಂದನ್ನು ಎಳೆಯುವುದಿಲ್ಲ. ಸಫಾರಿಯ ಹಿಂಗಾಲಿಗಳು ಅರೆಸ್ವತಂತ್ರ, ಒಂದರ ನಡುಕ ಇನ್ನೊಂದಕ್ಕೆ ಮುಟ್ಟುತ್ತದೆ. ಹೆದ್ದಾರಿಯ ವೇಗದಲ್ಲಿ ಸಫಾರಿ ನೆಲಕಚ್ಚಿ ಗಟ್ಟಿಯಾಗಿ ಓಡುತ್ತದೆ, ಊರ ರಸ್ತೆಯ ನಿಧಾನದಲ್ಲಿ ಎಕ್ಸ್‌ಯುವಿ ಮೈಗೆ ಮೆತ್ತಗೆ. ತಲೆಗೆ ಸಫಾರಿ, ಸೊಂಟಕ್ಕೆ ಎಕ್ಸ್‌ಯುವಿ ಎಂದರೆ ತಪ್ಪಾಗದು.

ಒಳಗೆ ಹೋಗುವ ದಾರಿಯೂ ಮುಖ್ಯ. ಏಳು ಸೀಟಿನ ಗಾಡಿಯಲ್ಲಿ ನಡುವಿನ ಸಾಲನ್ನು ಸರಿಸಿಯೇ ಹಿಂದೆ ನುಸುಳಬೇಕು. ಇಲಕಲ್ ಸೀರೆ ಉಟ್ಟ, ಮೊಣಕಾಲು ನೋವಿನ ಹಿರಿಯಳಿಗೆ ಇದು ಗುಡ್ಡ ಹತ್ತಿದಷ್ಟು ಕಷ್ಟ. ಎರಡೂ ಕಂಪನಿಗಳು ನಡುವೆ ಎರಡು ಬಿಡಿ ಕುರ್ಚಿಯಿರುವ ಆರು ಸೀಟಿನ ಗಾಡಿಯನ್ನೂ ಮಾರಿವೆ. ಕುರ್ಚಿಗಳ ನಡುವಿನ ಸಂದಿಯಿಂದ ಹಿಂದೆ ಸಾಗಬಹುದು. ಒಂದು ಸೀಟು ಹೋಗುತ್ತದೆಂದು ನಮ್ಮವರು ಇದನ್ನು ಬೇಡವೆನ್ನುತ್ತಾರೆ. ನಿತ್ಯ ಏಳು ಮಂದಿ ಹೋಗದ ಮನೆಗೆ ಆರು ಸೀಟಿನದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾರೂ ಸರಾಗವಾಗಿ ತಲುಪಲಾಗದ ಏಳನೇ ಸೀಟು ಲೆಕ್ಕಕ್ಕಷ್ಟೇ ಉಳಿಯುತ್ತದೆ.

ಸಾಮಾನಿನ ಜಾಗದಲ್ಲಿ ಎರಡೂ ಸೋಲುತ್ತವೆ. ಮೂರೂ ಸಾಲು ಎತ್ತಿದಾಗ ಸಫಾರಿಯಲ್ಲಿ ಉಳಿಯುವುದು 73 ಲೀಟರ್. ಬುತ್ತಿಗಂಟು, ನೈವೇದ್ಯದ ಬುಟ್ಟಿ ಇಟ್ಟರೆ ಮುಗಿಯಿತು. ಎಕ್ಸ್‌ಯುವಿಯ ಹಿಂಬಾಗಿಲು ತೆಗೆದರೂ ಸೀಟಿನ ಬೆನ್ನಿನ ಆಚೆ ಕೈಚೀಲಗಳಿಗಷ್ಟೇ ಜಾಗ. ಏಳು ಮಂದಿಯನ್ನೂ ಅವರ ನಾಲ್ಕು ದಿನದ ಬಟ್ಟೆಯನ್ನೂ ಒಟ್ಟಿಗೆ ಒಯ್ಯುತ್ತೇವೆಂದು ಇವು ಹೇಳಿದರೆ ನಂಬಬಾರದು.

ಐಷಾರಾಮ ಅಂದರೆ ಏನು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಗಾಳಿಯಾಡುವ ಸೀಟು ಎಕ್ಸ್‌ಯುವಿಯಲ್ಲಿ ಮುಂದಿನವರಿಗೆ, ಸಫಾರಿಯ ಆರು ಸೀಟಿನ ಮೇಲ್ದರ್ಜೆಯಲ್ಲಿ ನಡುವಿನವರಿಗೂ ಉಂಟು. ದೊಡ್ಡ ಪರದೆ ಮುಂದಿನವರಿಗೆ. ಆಕಾಶ ತೋರುವ ಸನ್‌ರೂಫ್ ಮೊದಲ ಎರಡು ಸಾಲಿಗೆ, ಅದೂ ಏಪ್ರಿಲ್ ಬಿಸಿಲಿಗೆ ಪರದೆ ಎಳೆದೇ ಇರಬೇಕು. ಮೂರನೇ ಸಾಲಿಗೆ ಸಿಗುವುದು ಎಸಿಯ ಕಿಂಡಿ ಮತ್ತು ಮೊಬೈಲ್ ಚಾರ್ಜಿಗೆ ಒಂದು ಜಾಗ. ದುಡ್ಡು ಏಳೂ ಸೀಟಿನ ಲೆಕ್ಕದಲ್ಲಿ ಹೋಗುತ್ತದೆ, ಸುಖ ನಾಲ್ಕು ಸೀಟಿಗೆ ಮುಗಿಯುತ್ತದೆ. ಈ ಅನ್ಯಾಯವನ್ನು ಕೊಳ್ಳುವವರು ಕೇಳದಿದ್ದರೆ ಕಟ್ಟುವವರು ತಿದ್ದುವುದಿಲ್ಲ.

ಸುರಕ್ಷತೆಯ ಮಾತಿಗೆ ಬಂದಾಗ ಈ ಭಾಗದ ಓದುಗರಿಗೆ ಹುಬ್ಬಳ್ಳಿ-ಧಾರವಾಡ ಬೈಪಾಸ್ ನೆನಪಾಗದಿರದು. 2021ರ ಜನವರಿ 15ರಂದು ಇಟಿಗಟ್ಟಿ ಬಳಿ ಟಿಪ್ಪರಿಗೆ ಟೆಂಪೊ ಟ್ರಾವೆಲರ್ ಮುಖಾಮುಖಿಯಾಗಿ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅಂದಿನಿಂದ ಗಾಡಿ ನೋಡುವವರು ಡಿಕ್ಕಿ ಪರೀಕ್ಷೆಯ ನಕ್ಷತ್ರಗಳನ್ನೂ ಎಣಿಸುತ್ತಾರೆ, ಅದು ಒಳ್ಳೆಯದೇ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಎಕ್ಸ್‌ಯುವಿ 2021ರಲ್ಲಿ, ಸಫಾರಿ 2023ರಲ್ಲಿ ಐದು ನಕ್ಷತ್ರ ಪಡೆದವು. ಭಾರತ್ ಎನ್‌ಕ್ಯಾಪ್ ಶುರುವಾದಾಗ ಮೊದಲು ಫಲಿತಾಂಶ ಬಂದ ಗಾಡಿಗಳಲ್ಲೂ ಸಫಾರಿ ಇತ್ತು, ಅಲ್ಲೂ ಐದು. ನಕ್ಷತ್ರ ಸಮ ಎಂದು ಸಮಾಧಾನಪಡಬಾರದು. 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಿಯಮಗಳನ್ನು ಬಿಗಿ ಮಾಡಿತು. ಪಕ್ಕದ ಹೊಡೆತ, ಕಂಬಕ್ಕೆ ಬಡಿಯುವುದು ಎಲ್ಲ ಸೇರಿದ ಆ ಗಟ್ಟಿ ಪರೀಕ್ಷೆಯನ್ನು ಗೆದ್ದದ್ದು ಸಫಾರಿ. 2023ರಲ್ಲಿ ತಿದ್ದಿದ ಸಫಾರಿಯ ಎಲ್ಲ ದರ್ಜೆಗಳಲ್ಲೂ ಕನಿಷ್ಠ ಆರು ಏರ್‌ಬ್ಯಾಗ್ ಇವೆ. ಎಕ್ಸ್‌ಯುವಿ 700ರ ಕೆಳದರ್ಜೆಗಳು ಎರಡೇ ಏರ್‌ಬ್ಯಾಗಿನೊಂದಿಗೆ ಬಂದವು. ಹಳೆಯ ಗಾಡಿ ಕೊಳ್ಳುವವರು ಇದನ್ನು ಮೊದಲು ನೋಡಬೇಕು.

ಇನ್ನೊಂದು ಮಾತನ್ನು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ. ಈ ಪರೀಕ್ಷೆಗಳಲ್ಲಿ ದೊಡ್ಡವರ ಬೊಂಬೆ ಮುಂದೆ, ಮಕ್ಕಳ ಬೊಂಬೆ ನಡುವಿನ ಸಾಲಿನಲ್ಲಿ ಇರುತ್ತದೆ. ಮೂರನೇ ಸಾಲಿನಲ್ಲಿ ಕೂತವರಿಗೆ ಏನಾಗುತ್ತದೆಂದು ನಕ್ಷತ್ರ ಹೇಳುವುದೇ ಇಲ್ಲ. ಅವರ ಬೆನ್ನಿಗೂ ಹಿಂಬಾಗಿಲಿಗೂ ನಡುವೆ ಇರುವುದು ಆ ಕೈಚೀಲದ ಜಾಗ ಮಾತ್ರ. ಪರದೆಯಂತೆ ಇಳಿಯುವ ಪಕ್ಕದ ಏರ್‌ಬ್ಯಾಗ್ ಕೊನೆಯ ಸಾಲಿನವರೆಗೂ ಮುಟ್ಟುತ್ತದೆಯೇ, ತಲೆದಿಂಬು ತಲೆಯ ಮಟ್ಟಕ್ಕೆ ಏರುತ್ತದೆಯೇ, ಪ್ರತಿ ಸೀಟಿಗೂ ಹೆಗಲಿನ ಮೇಲಿಂದ ಬರುವ ಬೆಲ್ಟ್ ಇದೆಯೇ ಎಂದು ಕೇಳಿ, ಕೈಯಿಂದ ಮುಟ್ಟಿ ನೋಡಬೇಕು. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡದ್ದು ದುಬಾರಿ ಗಾಡಿಯ ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕದೆ. ಹಿಂದೆ ಕೂತವರಿಗೆ ಬೆಲ್ಟ್ ಬೇಡ ಎಂಬ ನಂಬಿಕೆ ಯಾವ ಕಂಪನಿಯ ಉಕ್ಕಿಗೂ ಬಗ್ಗದು.

ಓಡಿಸುವವನ ಕಡೆಯಿಂದ ನೋಡಿದರೆ ಎಕ್ಸ್‌ಯುವಿ ಸ್ಪಷ್ಟವಾಗಿ ಮುಂದು. ಸಫಾರಿಯ 2 ಲೀಟರ್ ಡೀಸೆಲ್ 170 ಪಿಎಸ್ ಕೊಟ್ಟರೆ, ಎಕ್ಸ್‌ಯುವಿಯ 2.2 ಲೀಟರ್ ಡೀಸೆಲ್ ಮೇಲಿನ ದರ್ಜೆಗಳಲ್ಲಿ 185 ಕೊಡುತ್ತದೆ. ಎಳೆಯುವ ಬಲ 350 ನ್ಯೂಟನ್ ಮೀಟರಿಗೆ ಎದುರು ಅಟೊಮ್ಯಾಟಿಕ್‌ನಲ್ಲಿ 450. ಏಳು ಮಂದಿ ತುಂಬಿ ಏರು ಹತ್ತುವಾಗ ಈ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ಓಡಾಟ ಕಡಿಮೆಯಿರುವವರಿಗೆ ಎಕ್ಸ್‌ಯುವಿಯಲ್ಲಿ ಪೆಟ್ರೋಲೂ ಇದೆ, ಸಫಾರಿ ಇತ್ತೀಚಿನವರೆಗೆ ಡೀಸೆಲ್ ಮಾತ್ರ ಇತ್ತು.

ಎಕ್ಸ್‌ಯುವಿಯಲ್ಲಿ ನಾಲ್ಕೂ ಗಾಲಿಗೆ ಬಲ ಹೋಗುವ ಗಾಡಿ ಸಿಗುತ್ತದೆ, ಸಫಾರಿಯಲ್ಲಿ ಮುಂದಿನ ಎರಡಕ್ಕೆ ಮಾತ್ರ. ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕೇ? ಎರಿಯ ಕೆಸರಿನಲ್ಲಿ ರಸ್ತೆಗೆ ಮಾಡಿದ ಟೈರಿನ ಗೀರುಗಳು ಎರಡು ಸುತ್ತಿಗೆ ತುಂಬಿಹೋಗುತ್ತವೆ. ಆಮೇಲೆ ಎರಡು ಗಾಲಿ ಜಾರುವ ಬದಲು ನಾಲ್ಕು ಜಾರುತ್ತವೆ, ಅಷ್ಟೇ. ಹೊಲಕ್ಕೆ ಟ್ರ್ಯಾಕ್ಟರ್ ಇದೆ. ಆ ದುಡ್ಡು ಒಳ್ಳೆಯ ಟೈರಿಗೆ ಹೋಗಲಿ. ತಾನೇ ಬ್ರೇಕ್ ಹಾಕುವ, ಪಟ್ಟಿ ಬಿಟ್ಟರೆ ಎಚ್ಚರಿಸುವ ವ್ಯವಸ್ಥೆ ಎರಡರ ಮೇಲ್ದರ್ಜೆಯಲ್ಲೂ ಇದೆ. ಅದು ಬೈಪಾಸಿನಲ್ಲಿ ಜೀವ ಉಳಿಸಬಹುದು. ಆದರೆ ಬಿಳಿಪಟ್ಟಿಯೇ ಇಲ್ಲದ, ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಗೋವಿನಜೋಳ ಹರವಿದ, ಕುರಿಹಿಂಡು ಅಡ್ಡ ಬರುವ ಊರದಾರಿಯಲ್ಲಿ ಅದನ್ನು ನೆಚ್ಚಿಕೊಂಡು ಓಡಿಸಲಾಗದು.

ದುಡ್ಡಿನ ಲೆಕ್ಕದಲ್ಲಿ ಒಂದು ಗೆರೆ ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ ಇಂಥ ದೊಡ್ಡ ಗಾಡಿಗಳ ಮೇಲಿನ ಜಿಎಸ್‌ಟಿ ಶೇ 40ಕ್ಕೆ ಇಳಿಯಿತು. ಕರ್ನಾಟಕದ ಜೀವಾವಧಿ ತೆರಿಗೆ ಮಾತ್ರ ಭಾರವೇ: ಹತ್ತರಿಂದ ಇಪ್ಪತ್ತು ಲಕ್ಷದವರೆಗೆ ಶೇ 17, ಇಪ್ಪತ್ತು ದಾಟಿದರೆ ಶೇ 18. ಹತ್ತೊಂಬತ್ತೂವರೆ ಲಕ್ಷದ ಗಾಡಿಗೆ ಮೂರು ಲಕ್ಷ ಮೂವತ್ತು ಸಾವಿರದಷ್ಟು ಕಟ್ಟಿದರೆ, ಇಪ್ಪತ್ತೆರಡು ಲಕ್ಷದ್ದಕ್ಕೆ ನಾಲ್ಕು ಲಕ್ಷದ ಹತ್ತಿರ. ಆ ಗೆರೆ ದಾಟಿಸುವುದು ಬಹುಪಾಲು ಮುಂದಿನ ಸಾಲಿನ ಪರದೆ, ಸನ್‌ರೂಫುಗಳೇ. ಗೆರೆಯ ಈಚೆಯ ನಡುದರ್ಜೆಯೇ ಜಾಣ ಆಯ್ಕೆ.

ನಮ್ಮಲ್ಲಿ ಇನ್ನೊಂದು ಒಲವೂ ತೂಗುತ್ತದೆ. ಧಾರವಾಡದ ಟಾಟಾ ಕಾರ್ಖಾನೆಯಲ್ಲಿ ಸುತ್ತಲ ಊರುಗಳ ಹುಡುಗರು ದುಡಿಯುತ್ತಾರೆ, ಹಾಗಾಗಿ ಟಾಟಾ ನಮ್ಮದು ಎಂಬ ಅಭಿಮಾನ ಸಹಜ. ಆದರೆ ಅಲ್ಲಿ ತಯಾರಾಗುವುದು ಬಸ್ಸು ಮತ್ತು ಸಣ್ಣ ವಾಣಿಜ್ಯ ವಾಹನ. ಸಫಾರಿಯೂ ಎಕ್ಸ್‌ಯುವಿಯೂ ಪುಣೆಯ ಕಡೆಯಿಂದಲೇ ಬರುತ್ತವೆ. ಅಭಿಮಾನಕ್ಕೆ ಗೌರವ ಕೊಟ್ಟು ಅದನ್ನು ಲೆಕ್ಕದ ಹೊರಗಿಡೋಣ.

ನನ್ನ ತೀರ್ಪು ಹೀಗಿದೆ. ವಾರಕ್ಕೊಮ್ಮೆಯಾದರೂ ಹಿಂದಿನ ಸಾಲಿನಲ್ಲಿ ದೊಡ್ಡವರು ಕೂಡುವ ಮನೆಗೆ ಸಫಾರಿ, ಸಾಧ್ಯವಾದರೆ ಆರು ಸೀಟಿನದು. ಹಿಂದೆ ಮಕ್ಕಳಷ್ಟೇ ಕೂಡುವ, ಒಬ್ಬನೇ ದೂರದೂರ ಓಡಿಸುವ ಮನೆಗೆ ಎಕ್ಸ್‌ಯುವಿ, ಆರು ಏರ್‌ಬ್ಯಾಗ್ ಇರುವ ದರ್ಜೆಯದೇ. ಏಳೂ ಸೀಟಿನಲ್ಲಿ ನಿತ್ಯ ದೊಡ್ಡವರು ಎನ್ನುವವರು ಎರಡನ್ನೂ ಬಿಟ್ಟು ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ನೋಡಲಿ. ಅದರ ಗಾಲಿಯಂತರ 2850 ಮಿಲಿಮೀಟರ್, ಈ ಎರಡಕ್ಕಿಂತ ಹೆಚ್ಚಿರುವ ಆ ಹತ್ತು ಸೆಂಟಿಮೀಟರ್ ಕೂಡುವವರಿಗೇ ಸಿಗುತ್ತದೆ. ಠೀವಿ ಒಂದಿಷ್ಟು ಕಡಿಮೆಯಾದೀತು, ಹಿಂದಿನವರ ಸೊಂಟ ಉಳಿಯುತ್ತದೆ.

ಯಾವುದನ್ನೇ ಆರಿಸಿ, ಮುಂಗಡ ಕೊಡುವ ಮೊದಲು ಮನೆಯ ಹೆಂಗಸರನ್ನು ಕರೆದೊಯ್ದು ಹಿಂದಿನ ಸಾಲಿನಲ್ಲಿ ಕೂಡಿಸಿ ಒಂದು ತಾಸು ಓಡಿಸಿ. ಶೋರೂಮಿನ ಮುಂದಿನ ಕಾಂಕ್ರೀಟಿನಲ್ಲಲ್ಲ, ಊರ ಕಡೆಯ ಅಲೆಗಳ ಮೇಲೆ. ಇಳಿದ ಮೇಲೆ ಅವರು ಬೇಡವೆಂದರೆ ಆ ಗಾಡಿ ಬೇಡ. ಸಾಲದ ಕಂತು ತೀರಲು ಐದೋ ಏಳೋ ವರ್ಷ ಬೇಕು, ಅಷ್ಟೂ ವರ್ಷ ಅಲ್ಲಿ ಕೂಡಬೇಕಾದವರು ಅವರೇ.