ಗಲಾಪಗೋಸ್ ದ್ವೀಪಗಳೂ ಇಬ್ಬರು ಯಾತ್ರಿಕರೂ

ಪ್ರವಾಸಗ್ರಂಥವನ್ನು ಓದುವಾಗ ಕಂಡದ್ದೆಷ್ಟು, ಕಟ್ಟಿದ್ದೆಷ್ಟು ಎಂದು ಕೇಳುವವರು ವಿರಳ. ಈ ಪ್ರಶ್ನೆಗೆ ಶಾಂತಸಾಗರದ ಗಲಾಪಗೋಸ್‌ಗಿಂತ ತಕ್ಕ ನೆಲ ದೊರೆಯದು. ಈಕ್ವಡಾರ್ ತೀರದಿಂದ ಸುಮಾರು 1000 ಕಿಲೋಮೀಟರು ದೂರದಲ್ಲಿ, ಸಮುದ್ರತಳದಿಂದ ಉಕ್ಕಿದ ಲಾವಾದಿಂದ ಎದ್ದ ಈ ದ್ವೀಪಗಳಿಗೆ 1835ರಲ್ಲಿ ಚಾರ್ಲ್ಸ್ ಡಾರ್ವಿನ್ನನು ಬೀಗಲ್ ಹಡಗಿನಲ್ಲಿ ಬಂದು ಐದು ವಾರ ಇದ್ದನು. ಆರು ವರ್ಷಗಳ ತರುವಾಯ ತಿಮಿಂಗಿಲಬೇಟೆಯ ಹಡಗಿನ ನಾವಿಕನಾಗಿ ಹರ್ಮನ್ ಮೆಲ್ವಿಲ್ಲನು ಬಂದನು.

ಇಬ್ಬರಿಗೂ ಮೊದಲು ಹೊಳೆದ ಉಪಮಾನ ಒಂದೇ ಜಾತಿಯದು. ಡಾರ್ವಿನ್ನನಿಗೆ ಆ ಜ್ವಾಲಾಮುಖಿಗಳು ತನ್ನ ನಾಡಿನ ಕಬ್ಬಿಣದ ಕುಲುಮೆಗಳನ್ನು ನೆನಪಿಗೆ ತಂದುವು. ಮೆಲ್ವಿಲ್ಲನಿಗೆ ಪಟ್ಟಣದಾಚೆ ಸುರಿದ ಕಿಟ್ಟದ ರಾಶಿಗಳನ್ನು. ಆದರೆ ಡಾರ್ವಿನ್ನನು ಉಪಮಾನವನ್ನು ಅಲ್ಲಿಯೇ ಬಿಟ್ಟು ಕಲ್ಲು, ಹಕ್ಕಿ, ಆಮೆಗಳ ಕಡೆಗೆ ತಿರುಗುತ್ತಾನೆ. ಆಮೆಯನ್ನು ನೋಡಿ ಅದು ಯಾವ ದ್ವೀಪದ್ದೆಂದು ಹೇಳಬಲ್ಲೆನೆಂದು ಅಲ್ಲಿನ ಅಧಿಕಾರಿ ನುಡಿದಾಗ ತಾನು ಸಾಕಷ್ಟು ಗಮನ ಕೊಡಲಿಲ್ಲವೆಂದೂ, ಎರಡು ದ್ವೀಪಗಳ ಸಂಗ್ರಹವನ್ನು ಆಗಲೇ ಕಲಸಿಬಿಟ್ಟಿದ್ದೆನೆಂದೂ ಒಪ್ಪಿಕೊಳ್ಳುತ್ತಾನೆ. ವಿಜ್ಞಾನಿಗಳು ಏನೆನ್ನುವರೋ, ಸಾಹಿತ್ಯದ ದೃಷ್ಟಿಯಿಂದ ಆ ಗ್ರಂಥದ ಹಿರಿಮೆ ಈ ಒಪ್ಪಿಗೆಯಲ್ಲಿದೆ. ಅರಿವು ತಡವಾಗಿ ಹುಟ್ಟುವುದನ್ನು ನಾವು ಕಣ್ಣಾರೆ ಕಾಣುತ್ತೇವೆ.

ಮೆಲ್ವಿಲ್ಲನು 1854ರಲ್ಲಿ ಮಾಸಪತ್ರಿಕೆಯೊಂದರಲ್ಲಿ ಗುಪ್ತನಾಮದಿಂದ ಬರೆದ ಹತ್ತು ಚಿತ್ರಗಳು ಬೇರೆಯ ಬಗೆಯವು. ಅವನ ದ್ವೀಪಗಳಲ್ಲಿ ಋತುವಿಲ್ಲ, ಬದಲಾವಣೆಯಿಲ್ಲ. ಇದು ನಿಜವಲ್ಲ, ಫರ್ನಾಂಡಿನಾ ದ್ವೀಪದ ಗಿರಿ 2024ರಲ್ಲಿಯೂ ಬೆಂಕಿಯುಗುಳಿತು. ಬದಲಾವಣೆಯ ತತ್ತ್ವಕ್ಕೆ ಹೆಸರಾದ ನೆಲವನ್ನೇ ಅವನು ಬದಲಾಗದ ನೆಲವೆಂದದ್ದು ವಿನೋದವೇ ಸರಿ. ಚಿತ್ರಗಳ ತಲೆಗೆ ಹಳೆಯ ಕವಿವಾಕ್ಯಗಳ ರುಮಾಲು ಸುತ್ತಿರುವುದೂ ನನಗೆ ಹಿತವಲ್ಲ.

ಆದರೂ ಎಂಟನೆಯ ಚಿತ್ರವನ್ನು ಓದಿದವನು ಈ ದೂರುಗಳನ್ನು ಮರೆಯುತ್ತಾನೆ. ಹುನಿಲಾ ಎಂಬ ಹೆಂಗಸು ತನ್ನ ಗಂಡನೂ ತಮ್ಮನೂ ತೆಪ್ಪ ಒಡೆದು ಮುಳುಗುವುದನ್ನು ದಡದಿಂದ ನೋಡುತ್ತಾಳೆ. ಕೂಗು ಕೇಳಿಸದಷ್ಟು ದೂರ. ಕರೆದೊಯ್ಯುತ್ತೇನೆಂದ ಹಡಗು ಮರಳಲಿಲ್ಲ. ಒಂಟಿಯಾಗಿ ಬೆತ್ತದ ಕೋಲಿನ ಮೇಲೆ ದಿನಕ್ಕೊಂದು ಗೀರು ಹಾಕುತ್ತಾಳೆ. ಒಂದು ದಿನ ಗೀರು ನಿಲ್ಲುತ್ತದೆ. ಏಕೆ ನಿಂತಿತು, ನಡುವೆ ಬಂದ ದೋಣಿಯವರು ಏನು ಮಾಡಿದರು ಎಂಬುದನ್ನು ಲೇಖಕನು ಹೇಳಲೊಲ್ಲ. ಮಾತಿನ ಮಳೆಗರೆಯುವ ಮೆಲ್ವಿಲ್ಲನು ಬಾಯಿ ಮುಚ್ಚಿದ ಆ ಸ್ಥಳದಲ್ಲಿ ಕಲ್ಪನೆ ಕಂಡದ್ದಕ್ಕಿಂತ ಸತ್ಯವಾಗಿದೆ.

ಇಂದು ವಿಮಾನದಲ್ಲಿ ಬಾಲ್ಟ್ರಾಕ್ಕೆ ಇಳಿದು, ಅಲ್ಲಿಂದ ದೋಣಿಯಲ್ಲಿ, ಮಾರ್ಗದರ್ಶಕನ ಹಿಂದೆ ಗುರುತಿಸಿದ ದಾರಿಯಲ್ಲಿಯೇ ನಡೆಯಬೇಕು. ಹೋಗುವವರು ನನ್ನನ್ನು ಕೇಳಿದರೆ, ಡಾರ್ವಿನ್ನನ ಗ್ರಂಥವನ್ನು ಚೀಲದಲ್ಲಿಟ್ಟುಕೊಳ್ಳಿರಿ, ಹುನಿಲಾಳ ಕಥೆಯನ್ನು ಹೊರಡುವ ಮೊದಲೇ ಮನೆಯಲ್ಲಿ ಓದಿ ಮುಗಿಸಿರಿ ಎನ್ನುತ್ತೇನೆ.