ಕಡ್ಡಿ ಎಷ್ಟು ಆಳಕ್ಕೆ ಹೋಗಬೇಕು?

ಜ್ವರ, ಕೆಮ್ಮು ಎಂದು ತಾಲ್ಲೂಕು ಆಸ್ಪತ್ರೆಗೆ ಕರೆತಂದ ಎರಡು ವರ್ಷದ ಮಗುವಿನ ಮೂಗಿನಿಂದ ಫ್ಲೂ ಪರೀಕ್ಷೆಗೆ ಸ್ಯಾಂಪಲ್ ತೆಗೆಯುವುದು ಅರ್ಧ ನಿಮಿಷದ ಕೆಲಸ. ಕೈಪಿಡಿಯ ಪ್ರಕಾರ ಮಗುವಿನ ತಲೆಯನ್ನು ಹಿಂದಕ್ಕೆ ವಾಲಿಸಬೇಕು. ಹೊಳ್ಳೆಯಿಂದ ಕಿವಿಯ ತೂತಿನವರೆಗಿನ ದೂರವನ್ನು ಅಂದಾಜು ಮಾಡಿಕೊಂಡು, ಕಡ್ಡಿಯನ್ನು ಮೇಲ್ಮುಖವಾಗಿ ಅಲ್ಲ, ಅಂಗುಳಿಗೆ ಸಮಾನಾಂತರವಾಗಿ ಒಳಗೆ ಬಿಡಬೇಕು. ಮೂಗಿನ ಹಿಂಬದಿ ತಾಗಿದ ಮೇಲೆ ಕೆಲವು ಸೆಕೆಂಡು ಅಲ್ಲೇ ಹಿಡಿದು, ನಿಧಾನವಾಗಿ ತಿರುಗಿಸಿ ಹೊರತೆಗೆದು, ತುದಿಯನ್ನು ದ್ರವವಿರುವ ಕೊಳವೆಯೊಳಗೆ ಮುರಿದು ಹಾಕಬೇಕು. ಮಗು ಒಪ್ಪದಿದ್ದರೆ ಏನು ಮಾಡಬೇಕೆಂಬುದಕ್ಕೆ ನಮ್ಮಲ್ಲಿ ರೂಢಿಯಾಗಿರುವ ಉತ್ತರ ಒಂದೇ: ಮಂಚದ ಮೇಲೆ ಮಲಗಿಸಿ, ಒಬ್ಬರು ಕೈ ಹಿಡಿದು, ಇನ್ನೊಬ್ಬರು ತಲೆ ಒತ್ತಿ ಹಿಡಿದು ಮುಗಿಸಿಬಿಡುವುದು. ನನ್ನ ತಕರಾರು ಪರೀಕ್ಷೆಯ ಬಗ್ಗೆ ಅಲ್ಲ. ಸ್ಯಾಂಪಲ್ ಯಾತಕ್ಕೆ ಬೇಕು ಎಂಬುದು ಕಡ್ಡಿ ಎಷ್ಟು ಆಳಕ್ಕೆ ಹೋಗಬೇಕು ಎಂಬುದನ್ನು ತೀರ್ಮಾನಿಸಬೇಕು, ನಂಜನಗೂಡು, ತಿ. ನರಸೀಪುರದಂಥ ತಾಲ್ಲೂಕುಗಳಲ್ಲಿ ಸಾಮಾನ್ಯ ನೆಗಡಿ-ಜ್ವರದ ಮಕ್ಕಳಿಗೆ ಅಷ್ಟು ಆಳದ ಕಡ್ಡಿ ಬೇಕಾಗಿಲ್ಲ ಎಂಬುದು ನನ್ನ ವಾದ.

ಈ ಪರೀಕ್ಷೆಯಿಂದ ಮಗುವಿನ ಚಿಕಿತ್ಸೆಗೆ ಏನು ಉಪಯೋಗ ಎಂದು ಮೊದಲು ಕೇಳಿಕೊಳ್ಳೋಣ. 2009ರ ಎಚ್1ಎನ್1 ಕಾಲದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಸಣ್ಣ ಜ್ವರ, ಕೆಮ್ಮು, ಗಂಟಲು ನೋವಿನ ‘ಎ’ ಗುಂಪಿಗೆ ಪರೀಕ್ಷೆ ಬೇಡ. ಜ್ವರ ಜೋರಾಗಿರುವ, ಅಥವಾ ಅಪಾಯ ಹೆಚ್ಚಿರುವ ‘ಬಿ’ ಗುಂಪಿಗೂ ಪರೀಕ್ಷೆ ಬೇಡ. ಅಗತ್ಯವೆನಿಸಿದರೆ ವೈದ್ಯರು ಫ್ಲೂ ಔಷಧ ಒಸೆಲ್ಟಾಮಿವಿರ್ ಶುರುಮಾಡಬಹುದು. ಉಸಿರಾಟದ ತೊಂದರೆಯಿರುವ, ಆಸ್ಪತ್ರೆಗೆ ಸೇರಿಸಲೇಬೇಕಾದ ‘ಸಿ’ ಗುಂಪಿಗೆ ಮಾತ್ರ ಪರೀಕ್ಷೆ, ಅಲ್ಲೂ ಚಿಕಿತ್ಸೆ ವರದಿಗಾಗಿ ಕಾಯಬಾರದು. ಈ ವಿಂಗಡಣೆಯ ಹಿಂದೆ ಗಟ್ಟಿ ಕಾರಣವಿದೆ. ಫ್ಲೂ ಔಷಧ ಚೆನ್ನಾಗಿ ಕೆಲಸ ಮಾಡುವುದು ರೋಗ ಶುರುವಾದ ಮೊದಲ 48 ಗಂಟೆಗಳೊಳಗೆ. ತಾಲ್ಲೂಕಿನಲ್ಲಿ ತೆಗೆದ ಸ್ಯಾಂಪಲ್ ಐಸ್ ಪೆಟ್ಟಿಗೆಯಲ್ಲಿ ಮೈಸೂರಿನ ವೈದ್ಯಕೀಯ ಕಾಲೇಜಿನ ವೈರಾಣು ಪ್ರಯೋಗಾಲಯ ಸೇರಿ, ಸರದಿಯಲ್ಲಿ ನಿಂತು, ವರದಿಯಾಗಿ ಮರಳುವಷ್ಟರಲ್ಲಿ ಆ ಅವಧಿ ಸುಲಭವಾಗಿ ಕಳೆದುಹೋಗುತ್ತದೆ. ಮಗು ಅಪಾಯದಲ್ಲಿದೆಯೇ ಎಂದು ಹೇಳುವುದು ಉಸಿರಿನ ಎಣಿಕೆ. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಕೂಸಿಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರು, ಎದೆಗೂಡಿನ ಕೆಳಭಾಗ ಒಳಕ್ಕೆ ಎಳೆದುಕೊಳ್ಳುವುದು: ಇದನ್ನು ನೋಡಲು ಪ್ರಯೋಗಾಲಯ ಬೇಡ, ಮಗುವಿನ ಅಂಗಿ ಮೇಲೆತ್ತಿ ಒಂದು ನಿಮಿಷ ಗಮನವಿಟ್ಟು ನೋಡುವ ವ್ಯವಧಾನ ಬೇಕು.

ಅಂದಮೇಲೆ ಸಾಮಾನ್ಯ ಜ್ವರದ ಮಗುವಿನ ಸ್ಯಾಂಪಲ್ ಆ ಮಗುವಿಗಾಗಿ ತೆಗೆದದ್ದಲ್ಲ, ಊರಿಗಾಗಿ ತೆಗೆದದ್ದು. ಊರಿಗೆ ಅದು ಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಭಾರತದಲ್ಲಿ ಫ್ಲೂ ವರ್ಷಕ್ಕೆ ಎರಡು ಬಾರಿ ಏರುತ್ತದೆ, ಮಳೆಗಾಲದಲ್ಲಿ ಮತ್ತು ಜನವರಿಯಿಂದ ಮಾರ್ಚ್‌ವರೆಗೆ. ಸುತ್ತೂರು ಜಾತ್ರೆ, ನಂಜುಂಡೇಶ್ವರನ ದೊಡ್ಡ ಜಾತ್ರೆ, ಮೂರು ವರ್ಷಕ್ಕೊಮ್ಮೆ ತಿರುಮಕೂಡಲು ಸಂಗಮದಲ್ಲಿ ನಡೆಯುವ ಕುಂಭಮೇಳ, ಎಲ್ಲವೂ ಬರುವುದು ಈ ಎರಡನೇ ಏರಿಕೆಯ ಆಸುಪಾಸಿನಲ್ಲೇ. 2025ರ ಕುಂಭಮೇಳ ಫೆಬ್ರವರಿಯಲ್ಲಿ ನಡೆಯಿತು. ಅದಕ್ಕೆ ತಿಂಗಳ ಮೊದಲು, ಜನವರಿ 6ರಂದು, ಬೆಂಗಳೂರಿನ ಎರಡು ಕೂಸುಗಳಲ್ಲಿ, ಒಂದಕ್ಕೆ ಮೂರು ತಿಂಗಳು, ಇನ್ನೊಂದಕ್ಕೆ ಎಂಟು, ಎಚ್‌ಎಂಪಿವಿ ಪತ್ತೆಯಾದ ಸುದ್ದಿ ಬಂತು. 2001ರಲ್ಲೇ ಗುರುತಿಸಲಾಗಿದ್ದ ಈ ವೈರಾಣುವನ್ನು ಜನ ಹೊಸದೊಂದು ಪಿಡುಗು ಎಂದುಕೊಂಡು ಹೆದರಿದರು. ಯಾವ ಕಾಲದಲ್ಲಿ ಯಾವ ವೈರಾಣು ಎಷ್ಟು ಓಡಾಡುತ್ತದೆ ಎಂಬ ಲೆಕ್ಕ ತಾಲ್ಲೂಕು ಮಟ್ಟದಲ್ಲಿ ಇದ್ದಿದ್ದರೆ ಆ ಹೆದರಿಕೆಗೆ ಆಸ್ಪದ ಕಡಿಮೆಯಿರುತ್ತಿತ್ತು. 2023ರ ನವೆಂಬರ್‌ನಲ್ಲಿ ಚೀನಾದ ಮಕ್ಕಳಲ್ಲಿ ಉಸಿರಾಟದ ಕಾಯಿಲೆ ಹೆಚ್ಚಿದಾಗ, ತೀವ್ರ ಉಸಿರಾಟದ ಸೋಂಕಿರುವವರ, ಅದರಲ್ಲೂ ಮಕ್ಕಳು ಮತ್ತು ಹದಿಹರೆಯದವರ, ಮೂಗು-ಗಂಟಲಿನ ಸ್ಯಾಂಪಲ್ ಕಳಿಸಿ ಎಂದು ಕೇಂದ್ರ ರಾಜ್ಯಗಳಿಗೆ ಬರೆದದ್ದೂ ಇದೇ ಕಾರಣಕ್ಕೆ. ದೊಡ್ಡವರ ಸ್ಯಾಂಪಲ್ ಸಾಲದೇ, ಮಕ್ಕಳನ್ನೇಕೆ ಗೋಳಾಡಿಸಬೇಕು ಎನ್ನುವವರಿಗೆ ಒಂದು ಅಂಕಿ ಹೇಳಬೇಕು. 2018ರಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 8.7 ಲಕ್ಷ ಮಕ್ಕಳು ಫ್ಲೂ ಸಂಬಂಧಿತ ಶ್ವಾಸಕೋಶದ ಸೋಂಕಿನಿಂದ ಆಸ್ಪತ್ರೆ ಸೇರಿದರೆಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅಂದಾಜಿಸಿದೆ. ಮಕ್ಕಳನ್ನು ಬಿಟ್ಟ ಲೆಕ್ಕ ಅರ್ಧ ಲೆಕ್ಕ.

ಆದರೆ ಊರಿನ ಲೆಕ್ಕಕ್ಕೆ ಮೂಗಿನ ಹಿಂಬದಿಯವರೆಗೆ ಹೋಗಬೇಕೇ? ಮೂಗು ಸೋರುತ್ತಿರುವ ಮಗುವಿನಲ್ಲಿ, ಅದೂ ಮೊದಲ ಮೂರು-ನಾಲ್ಕು ದಿನಗಳಲ್ಲಿ, ವೈರಾಣು ಮೂಗಿನ ಮುಂಭಾಗದಲ್ಲೇ ಧಾರಾಳವಾಗಿರುತ್ತದೆ. ಇಟಲಿಯ ಮಿಲಾನಿನಲ್ಲಿ ಮಕ್ಕಳ ಮೂಗಿನ ನಡುಭಾಗದಿಂದ ತಂದೆತಾಯಿ ತೆಗೆದ ಸ್ಯಾಂಪಲ್ಲನ್ನು ಮಕ್ಕಳ ವೈದ್ಯರು ತೆಗೆದದ್ದರ ಜೊತೆ ಹೋಲಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಫ್ಲೂ ಪತ್ತೆಹಚ್ಚುವುದರಲ್ಲಿ ಹೆತ್ತವರ ಕೈ ಹಿಂದೆ ಬೀಳಲಿಲ್ಲ. 2021ರಲ್ಲಿ ಅಟ್ಲಾಂಟಾದಲ್ಲಿ 4ರಿಂದ 14 ವರ್ಷದ 197 ಮಕ್ಕಳು ತಾವೇ ಮೂಗಿನ ಮುಂಭಾಗದಿಂದ ತೆಗೆದುಕೊಂಡ ಕೋವಿಡ್ ಸ್ಯಾಂಪಲ್ ಆರೋಗ್ಯ ಸಿಬ್ಬಂದಿ ತೆಗೆದದ್ದಕ್ಕೆ ಬಹುತೇಕ ಪೂರ್ತಿ ತಾಳೆಯಾಯಿತು. ನಮ್ಮ ದೇಶದಲ್ಲೇ 2021ರ ಮೇ ತಿಂಗಳಲ್ಲಿ ಮನೆಯಲ್ಲಿ ಮಾಡಿಕೊಳ್ಳುವ ಕೋವಿಡ್ ಕಿಟ್‌ಗೆ ಐಸಿಎಂಆರ್ ಒಪ್ಪಿಗೆ ಕೊಟ್ಟಿತು. ಆಳದ ಕಡ್ಡಿ ಇನ್ನಷ್ಟು ಸೂಕ್ಷ್ಮ, ಮುಂಭಾಗದ ಕಡ್ಡಿ ಕೆಲವು ಪ್ರಕರಣಗಳನ್ನು ತಪ್ಪಿಸುತ್ತದೆ ಎಂಬ ಆಕ್ಷೇಪ ನಿಜ. ಒಂದು ಮಗುವಿನ ಪ್ರಾಣ ಆ ವರದಿಯ ಮೇಲೆ ನಿಂತಿದ್ದರೆ ಆ ನಷ್ಟ ದೊಡ್ಡದು. ವಾರದಿಂದ ವಾರಕ್ಕೆ ಫ್ಲೂ ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ನೋಡುವಾಗ, ಪ್ರತಿ ವಾರವೂ ಒಂದೇ ವಿಧಾನ ಬಳಸಿದರೆ, ಆ ಸಣ್ಣ ಕೊರತೆಯಿಂದ ಏರಿಳಿತದ ಚಿತ್ರ ಕೆಡುವುದಿಲ್ಲ. ಅಲ್ಲದೆ ಒದ್ದಾಡುವ ಮಗುವಿನ ಮೂಗಿಗೆ ಅವಸರದಲ್ಲಿ ತೂರಿಸಿದ ಕಡ್ಡಿ ನಿಜಕ್ಕೂ ಹಿಂಬದಿ ಮುಟ್ಟಿತೇ, ಅಲ್ಲಿ ಕೆಲವು ಸೆಕೆಂಡು ನಿಂತಿತೇ? ಕಾಗದದ ಮೇಲಿನ ಆಳದ ಸ್ಯಾಂಪಲ್ ಎಷ್ಟೋ ಸಲ ಕೈಯಲ್ಲಿ ಅರ್ಧ ಆಳದ ಸ್ಯಾಂಪಲ್ಲೇ ಆಗಿರುತ್ತದೆ. ತಾಯಂದಿರು ಸರಿಯಾಗಿ ತೆಗೆಯುತ್ತಾರೆಯೇ ಎಂಬ ಇನ್ನೊಂದು ಅನುಮಾನಕ್ಕೆ ಉತ್ತರ ಪ್ರಯೋಗಾಲಯದಲ್ಲೇ ಇದೆ. ಫ್ಲೂ ಪಿಸಿಆರ್‌ನಲ್ಲಿ ವೈರಾಣುವಿನ ಜೊತೆಗೆ ಮನುಷ್ಯನ ಆರ್‌ಎನ್‌ಏಸ್ ಪಿ ವಂಶವಾಹಿಯನ್ನೂ ಹುಡುಕುತ್ತಾರೆ. ಅದು ಸಿಗದಿದ್ದರೆ ಕಡ್ಡಿಗೆ ಮೂಗಿನ ಕೋಶಗಳೇ ಅಂಟಿಲ್ಲ ಎಂದರ್ಥ, ಆ ಸ್ಯಾಂಪಲ್ ಪಕ್ಕಕ್ಕಿಡಬಹುದು.

ಹಿಡಿಯುವ ರೀತಿಯ ಬಗ್ಗೆ ನನಗೆ ಇನ್ನೂ ಹೆಚ್ಚಿನ ಕಳವಳವಿದೆ. ಲಸಿಕೆ ಹಾಕುವಾಗಿನ ನೋವು ತಗ್ಗಿಸುವ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿತು: ಎಳೆಯ ಮಕ್ಕಳನ್ನು ಹೆತ್ತವರೇ ಎತ್ತಿಕೊಂಡಿರಲಿ, ಹಾಲು ಕುಡಿಯುವ ಕೂಸಿಗೆ ಎದೆಹಾಲು ಕೊಡಲಿ, ‘ನೋವಾಗೋದೇ ಇಲ್ಲ’ ಎಂಬ ಸುಳ್ಳು ಭರವಸೆ ಬೇಡ. ಸೂಜಿಗೆ ಸಲ್ಲುವುದು ಕಡ್ಡಿಗೂ ಬಹುಮಟ್ಟಿಗೆ ಸಲ್ಲುತ್ತದೆ. ಮಗು ತಾಯಿಯ ತೊಡೆಯ ಮೇಲೆ, ಬೆನ್ನು ಅವಳ ಎದೆಗೆ ಒರಗಿ, ಅವಳ ಒಂದು ಕೈ ಮಗುವಿನ ಎರಡೂ ಕೈಗಳನ್ನು ಬಳಸಿ, ಇನ್ನೊಂದು ಹಣೆಯ ಮೇಲೆ: ಇದಕ್ಕೆ ಹೆಚ್ಚುವರಿ ಹಣ ಬೇಡ, ಮಂಚದ ಬದಲು ಒಂದು ಕುರ್ಚಿ ಸಾಕು. ನಂಜನಗೂಡಿನ ಜನಕ್ಕೆ ಮೂಗಿನ ಕಡ್ಡಿಯ ಪರಿಚಯವಾದ ಬಗೆಯನ್ನೂ ಮರೆಯಬಾರದು. 2020ರ ಮಾರ್ಚ್ ಕೊನೆಯಲ್ಲಿ ಅಲ್ಲಿನ ಔಷಧ ಕಾರ್ಖಾನೆಯೊಂದರ ನೌಕರನಿಗೆ ಕೋವಿಡ್ ದೃಢಪಟ್ಟು, ಸಾವಿರಕ್ಕೂ ಹೆಚ್ಚು ನೌಕರರು ಕ್ವಾರಂಟೈನ್‌ಗೆ ಒಳಗಾದರು. ಅಂದು ಕಡ್ಡಿಯ ಹಿಂದೆಯೇ ಬಾಗಿಲಿಗೆ ನೋಟಿಸು, ಬೀದಿಗೆ ಬ್ಯಾರಿಕೇಡ್ ಬರುತ್ತಿದ್ದವು. ಆ ನೆನಪಿರುವ ಮನೆಯಲ್ಲಿ ಮಗುವಿನ ಸ್ಯಾಂಪಲ್ ಕೇಳಿದರೆ ಮೊದಲು ಏಳುವುದು ಭಯ. ‘ಇದರಿಂದ ನಿಮ್ಮ ಮಗುವಿನ ಔಷಧ ಬದಲಾಗುವುದಿಲ್ಲ, ಊರಲ್ಲಿ ಯಾವ ಜ್ವರ ಓಡಾಡುತ್ತಿದೆ ಎಂದು ತಿಳಿಯಲು ಬೇಕು, ಬೇಡ ಎಂದರೂ ಚಿಕಿತ್ಸೆ ನಿಲ್ಲುವುದಿಲ್ಲ’ ಎಂದು ಪರಿಚಯವಿರುವ ಆಶಾ ಕಾರ್ಯಕರ್ತೆಯೋ ನರ್ಸಮ್ಮನೋ ಹೇಳದ ಹೊರತು ಆ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾಗದು.

ಒಪಿಡಿಯಲ್ಲಿ ನೂಕುನುಗ್ಗಲು, ಇದಕ್ಕೆಲ್ಲ ಸಮಯವೆಲ್ಲಿ ಎಂದು ಸಿಬ್ಬಂದಿ ಕೇಳುವುದು ನ್ಯಾಯವೇ. ನಿಗಾಕ್ಕೆ ಬಂದ ಮಕ್ಕಳೆಲ್ಲರ ಸ್ಯಾಂಪಲ್ ಬೇಡ. ಗೊತ್ತಾದ ಒಂದು ದಿನ, ಗೊತ್ತಾದ ಕೆಲವೇ ಮಕ್ಕಳು, ವರ್ಷವಿಡೀ ತಪ್ಪದೆ ನಡೆದರೆ ಸಾಕು. ಸುದ್ದಿ ಬಂದಾಗ ರಾಶಿ ರಾಶಿ ತೆಗೆದು, ಸುದ್ದಿ ತಣ್ಣಗಾದಾಗ ನಿಲ್ಲಿಸುವ ಈಗಿನ ರೂಢಿಗಿಂತ ಅದರ ಹೊರೆ ಕಡಿಮೆ, ಬೆಲೆ ಹೆಚ್ಚು. ಹೀಗೆ ಉಳಿತಾಯವಾದ ಸಮಯದಲ್ಲಿ ವರದಿ ಮನೆಗೆ ಮುಟ್ಟಬೇಕು, ನೆಗೆಟಿವ್ ಆದರೂ ಮುಟ್ಟಬೇಕು. ಯಾವ ತಿಂಗಳು ಯಾವ ವೈರಾಣು ಕಂಡಿತು ಎಂಬ ನಾಲ್ಕು ಸಾಲು ಬನ್ನೂರು, ಹುಲ್ಲಹಳ್ಳಿ, ಕವಲಂದೆಯ ಆರೋಗ್ಯ ಕೇಂದ್ರಗಳ ಗೋಡೆಗೂ ಅಂಗನವಾಡಿಗೂ ಬರಬೇಕು. ಎದೆ ಒಳಕ್ಕೆಳೆಯುತ್ತ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ದಾಖಲಾದ ಮಗುವಿನ ಮಾತು ಬೇರೆ. ಆಮ್ಲಜನಕದ ಮೇಲಿರುವ ಆ ಕೂಸನ್ನು ಯಾವ ವಾರ್ಡಿನಲ್ಲಿಡಬೇಕು, ಶುರುಮಾಡಿದ ಫ್ಲೂ ಔಷಧ ಮುಂದುವರಿಸಬೇಕೇ, ಆ್ಯಂಟಿಬಯೋಟಿಕ್ ನಿಲ್ಲಿಸಬಹುದೇ ಎಂಬುದು ವರದಿಯಿಂದ ತೀರ್ಮಾನವಾಗಬಹುದು. ಅಲ್ಲಿ ಆಳದ ಕಡ್ಡಿ, ನುರಿತ ಕೈ, ಎರಡೂ ಇರಲಿ.