ಬಿಟ್ಟಿಯಲ್ಲ, ಬಿಚ್ಚಿ ನೋಡುವಂಥದ್ದು

ಸಣ್ಣ ವರ್ಕ್‌ಶಾಪಿಗೆ ಮುಕ್ತ ತಂತ್ರಾಂಶ ಯಾಕೆ ಬೇಕು ಎಂದು ಕೇಳಿದರೆ ನಮ್ಮಲ್ಲಿ ಸಿಗುವ ಉತ್ತರ ಒಂದೇ: ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಭಾಷಣದಲ್ಲಿ, ಕಾರ್ಯಾಗಾರದಲ್ಲಿ, ಪತ್ರಿಕೆಯ ತಂತ್ರಜ್ಞಾನ ಅಂಕಣದಲ್ಲಿ ಎಲ್ಲೆಲ್ಲೂ ಇದೇ ಮಾತು. ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರಗಳನ್ನು ಆಳುವ ಮುಕ್ತ ತಂತ್ರಾಂಶ ಲಿನಕ್ಸ್‌ಸಿಎನ್‌ಸಿಯನ್ನು ಹಲವು ವರ್ಷ ಬಳಸಿ, ಊರವರ ಯಂತ್ರಗಳಿಗೂ ಹಾಕಿಕೊಟ್ಟವನು ನಾನು. ಈ ಉತ್ತರ ತಪ್ಪು ಎನ್ನುವುದು ನನ್ನ ತಕರಾರು. ನಮ್ಮ ಊರುಗಳಲ್ಲಿ ಆ ತಂತ್ರಾಂಶದ ಹೆಸರು ಕೆಟ್ಟದ್ದು ವೈರಿಗಳಿಂದಲ್ಲ, ಅದರ ಅಭಿಮಾನಿಗಳು ಹಬ್ಬಿಸಿದ ಈ ಒಂದು ಮಾತಿನಿಂದ.

ಹೆಬ್ರಿಯಿಂದ ಮುನಿಯಾಲು, ಅಜೆಕಾರು ದಾಟಿ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಬಾಗಿಲು, ದಾರಂದ, ದೇವರ ಮಂಟಪ ಕೆತ್ತುವ ಸಿಎನ್‌ಸಿ ರೂಟರುಗಳು ಈಗ ಅಪರೂಪವಲ್ಲ. ಯಂತ್ರ ತರುವವರು ಬ್ಯಾಂಕಿನಿಂದ ಸಾಲ ತೆಗೆದು ಲಕ್ಷಗಟ್ಟಲೆ ಹಾಕಿರುತ್ತಾರೆ. ಕಂಟ್ರೋಲರ್ ಆ ಬೆಲೆಯಲ್ಲೇ ಸೇರಿರುತ್ತದೆ, ಅದಕ್ಕೆಂದು ಬೇರೆ ಬಿಲ್ಲಿಲ್ಲ. ವಿನ್ಯಾಸದ ತಂತ್ರಾಂಶವೋ, ಅದು ಪೆನ್‌ಡ್ರೈವಿನಲ್ಲಿ ಕಳ್ಳಪ್ರತಿಯಾಗಿ ಕೈಯಿಂದ ಕೈಗೆ ಬರುತ್ತದೆ. ಇಂಥವರ ಮುಂದೆ ನಿಂತು 'ಉಚಿತ' ಎಂದರೆ ಅವರಿಗೆ ಉಳಿಯುವುದಾದರೂ ಏನು? ಅವರಿಗೆ ತಂತ್ರಾಂಶವೆಲ್ಲ ಆಗಲೇ ಉಚಿತವಾಗಿದೆ. ಅಷ್ಟೇ ಅಲ್ಲ, ಬಿಟ್ಟಿ ಸಿಕ್ಕಿದ್ದಕ್ಕೆ ಬಾಳಿಕೆಯಿಲ್ಲ ಎಂಬ ಅನುಮಾನವೂ ಆ ಪದದ ಜೊತೆಗೇ ಬರುತ್ತದೆ.

ಹಾಗಿದ್ದರೆ ಅದರ ಬೆಲೆ ಯಾವುದರಲ್ಲಿದೆ? ಒಂದು ಶೆಡ್ಡಿನ ಕಥೆ ಹೇಳುತ್ತೇನೆ. ಹೆಬ್ರಿ ಪೇಟೆಯಿಂದ ಸ್ವಲ್ಪ ಆಚೆ ಇರುವ ಈ ಶೆಡ್ಡಿನ ಯಜಮಾನರು ತಲೆತಲಾಂತರದಿಂದ ಆಚಾರಿ ಕೆಲಸದವರು. ಹಲಸು, ಹೆಬ್ಬಲಸು, ಸಾಗುವಾನಿ ಯಾವುದೇ ಇರಲಿ, ಹಲಗೆಯನ್ನು ಬೆರಳಲ್ಲಿ ತಟ್ಟಿ ನೀರಿನ ಅಂಶ ಹೇಳಬಲ್ಲವರು. ಅವರ ರೂಟರು ಸ್ಪಿಂಡಲ್ ಶುರುವಾದ ಕೂಡಲೇ ಓಟದ ಅಂಚನ್ನು ತಿಳಿಸುವ ವೈ ಅಕ್ಷದ ಲಿಮಿಟ್ ಸ್ವಿಚ್ ತಾಗಿತೆಂದು ನಿಂತುಬಿಡುತ್ತಿತ್ತು. ಸ್ಪಿಂಡಲ್ ಹೊತ್ತ ಗ್ಯಾಂಟ್ರಿ ಮೇಜಿನ ನಟ್ಟನಡುವೆ ಇದ್ದಾಗಲೂ ಅದೇ ಕಥೆ. ಮಾರಿದವರು ವಾಟ್ಸ್ಆ್ಯಪಿನಲ್ಲಿ ವಿಡಿಯೊ ತರಿಸಿಕೊಂಡು, ಬೋರ್ಡು ಹೋಗಿದೆ, ಹೊಸದು ಹಾಕಿ ಎಂದರು. ಹೊಸ ಬೋರ್ಡು ಬಂತು, ದುಡ್ಡು ಹೋಯಿತು. ಹಾಕಿದ ಸಂಜೆಯೇ ಯಂತ್ರ ಮತ್ತೆ ನಿಂತಿತು. ಆಚಾರ್ರು ನನಗೆ ಹೇಳಿದ್ದು ಇಷ್ಟೇ: "ಮರ ಸೀಳಿದರೆ ಎಲ್ಲಿ ಸೀಳಿತು ಅಂತ ಕಾಣ್ತದೆ ಮಾರಾಯ್ರೆ. ಇದರದ್ದು ಎಂತದೂ ಕಾಣುದಿಲ್ಲ."

ಮೋಟಾರು, ಡ್ರೈವ್ ಎಲ್ಲ ಹಾಗೆಯೇ ಇಟ್ಟು, ಪ್ಯಾರಲಲ್ ಪೋರ್ಟ್ ಇರುವ ಒಂದು ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್‌ಸಿಎನ್‌ಸಿ ಹಾಕಿದೆವು. ತಪ್ಪು ಮರುಕಳಿಸಿತು. ಈ ಸಲ ಮಾತ್ರ ಅದರಲ್ಲೇ ಇರುವ, ಸಂಕೇತಗಳನ್ನು ಗೆರೆಯಾಗಿ ತೋರಿಸುವ ಹ್ಯಾಲ್‌ಸ್ಕೋಪ್ ತೆರೆದು ಲಿಮಿಟ್ ಸ್ವಿಚ್ಚಿನ ಸಂಕೇತವನ್ನು ಪರದೆಯ ಮೇಲೆ ತಂದೆವು. ಸ್ಪಿಂಡಲ್ ನಿಂತಿರುವಾಗ ಗೆರೆ ಸಪಾಟು. ಚಾಲೂ ಮಾಡಿದ ಗಳಿಗೆಯಲ್ಲಿ ಮುಳ್ಳುಮುಳ್ಳಾಗಿ ಎದ್ದಿತು, ಒಂದೊಂದು ಮುಳ್ಳೂ ಮಿಲಿಸೆಕೆಂಡಿಗಿಂತ ಕಡಿಮೆ ಅಗಲದ್ದು. ಒತ್ತಿದ ಸ್ವಿಚ್ಚು ಹಾಗೆ ಕಾಣುವುದಿಲ್ಲ. ಕೇಬಲ್ ಚೈನ್ ಬಿಚ್ಚಿದರೆ, ಸ್ಪಿಂಡಲಿನ ವೇಗ ನಿಯಂತ್ರಿಸುವ ವಿಎಫ್‌ಡಿಯಿಂದ ಸ್ಪಿಂಡಲಿಗೆ ಹೋಗುವ ದಪ್ಪ ಕೇಬಲ್ಲೂ ಲಿಮಿಟ್ ಸ್ವಿಚ್ಚಿನ ಸಪೂರ ವಯರೂ ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ವಯರನ್ನು ಬೇರೆ ದಾರಿಯಲ್ಲಿ ತಂದು, ಶೀಲ್ಡ್ ಇರುವುದನ್ನು ಹಾಕಿ, ಶೀಲ್ಡಿನ ಒಂದು ತುದಿಯನ್ನಷ್ಟೇ ಅರ್ತ್ ಮಾಡಿದೆವು. ಅರೆಗಳಿಗೆಯ ಮುಳ್ಳನ್ನು ಲೆಕ್ಕಕ್ಕೆ ಹಿಡಿಯಬೇಡ ಎನ್ನುವ ಕೆಲವು ಸಾಲುಗಳನ್ನು ಹ್ಯಾಲ್ ಎಂಬ ಜೋಡಣೆಯ ಫೈಲಿಗೆ ಸೇರಿಸಿದೆವು. ಆಮೇಲೆ ಯಂತ್ರ ನಿಲ್ಲಲಿಲ್ಲ. ಹಳೆಯ ಬೋರ್ಡಿಗೆ ಯಾವ ಕಾಯಿಲೆಯೂ ಇರಲಿಲ್ಲ.

ತಂತ್ರಾಂಶ ಏನನ್ನೂ ರಿಪೇರಿ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ರಿಪೇರಿ ಆದದ್ದು ವಯರಿನಲ್ಲಿ. ಆಚಾರ್ರಿಗೆ ಮರದಲ್ಲಿ ಕಾಣುತ್ತಿದ್ದ ಹಾಗೆ ಯಂತ್ರದಲ್ಲೂ ಕಾಣುವಂತೆ ಮಾಡಿದ್ದಷ್ಟೇ ತಂತ್ರಾಂಶದ ಕೆಲಸ. ನನ್ನ ವಾದದ ತಿರುಳು ಇಷ್ಟೇ.

ಎದುರು ವಾದ ಗೊತ್ತಿದ್ದದ್ದೇ. ತೊಂದರೆ ಬಂದರೆ ಯಾರ ಜುಟ್ಟು ಹಿಡಿಯುವುದು? ಕಂಪನಿಯ ಕಂಟ್ರೋಲರಾದರೆ ಕಂಪನಿ ಇದೆ, ಮುಕ್ತ ತಂತ್ರಾಂಶಕ್ಕೆ ಯಾರಿದ್ದಾರೆ? ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದಲ್ಲಿ ನಿಂತು ಕೇಳಿದರೆ ಇದು ನ್ಯಾಯವಾದ ಪ್ರಶ್ನೆ. ಮೂರು ಪಾಳಿ ಓಡುವ ಮಷೀನಿಂಗ್ ಸೆಂಟರಿನಿಂದ ಫಾನುಕ್ ಅಥವಾ ಸೀಮೆನ್ಸ್ ಕಂಟ್ರೋಲರನ್ನು ಕಿತ್ತು ಬೇರೆಯದನ್ನು ಕೂರಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅಲ್ಲಿ ಫೋನು ಮಾಡಿದರೆ ಎಂಜಿನಿಯರ್ ಬರುತ್ತಾನೆ. ಆದರೆ ಹೆಬ್ರಿ ಇರುವುದು ಆಗುಂಬೆ ಘಾಟಿಯ ಬುಡದಲ್ಲಿ. ಮಳೆಗಾಲಕ್ಕೆ ಮುಂಚಿನ ಸಿಡಿಲಿಗೆ ಬೋರ್ಡು ಸುಟ್ಟರೆ ಬೆಂಗಳೂರಿನಿಂದಲೋ ಅಹಮದಾಬಾದಿನಿಂದಲೋ ಬರುವುದು ಎಂಜಿನಿಯರಲ್ಲ, ಕೊರಿಯರ್. ಇನ್ನೊಂದು ವಿಷಯ ಇದಕ್ಕಿಂತ ಕಹಿ. ಕೆಲವು ಕಂಟ್ರೋಲರುಗಳಲ್ಲಿ ಇಂತಿಷ್ಟು ಗಂಟೆ ಓಡಿದ ಮೇಲೆ ಸಂಕೇತ ಸಂಖ್ಯೆ ಕೇಳುವ ಬೀಗ ಇರುತ್ತದೆ. ಕಂತು ಬಾಕಿ ಉಳಿಸಿಕೊಂಡವರನ್ನು ಹಿಡಿಯಲು ಇಟ್ಟದ್ದು. ಕಂತು ಪೂರಾ ತೀರಿಸಿದವರ ಯಂತ್ರವೂ ಹೀಗೆ ಸಂಖ್ಯೆ ಕೇಳುತ್ತ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾರಿದವನ ನಂಬರಿಗೆ ಕರೆ ಹೋಗುತ್ತಿರಲಿಲ್ಲ. ಜುಟ್ಟು ಯಾರ ಕೈಯಲ್ಲಿತ್ತು ಎಂದು ಓದುಗರೇ ತೀರ್ಮಾನಿಸಲಿ.

'ಹವ್ಯಾಸಿಗಳ ಆಟಿಕೆ' ಎಂಬ ಇನ್ನೊಂದು ಮಾತಿಗೆ ಚರಿತ್ರೆಯೇ ಉತ್ತರ ಹೇಳುತ್ತದೆ. ಲಿನಕ್ಸ್‌ಸಿಎನ್‌ಸಿ ಹುಟ್ಟಿದ್ದು ಯಾರದೋ ಗ್ಯಾರೇಜಿನಲ್ಲಲ್ಲ. ಅಳತೆ ಮತ್ತು ಮಾನಕಗಳನ್ನು ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿಯಲ್ಲಿ, 1990ರ ದಶಕದ ಮೊದಲ ವರ್ಷಗಳಲ್ಲಿ, ಇಎಂಸಿ ಎಂಬ ಹೆಸರಿನಲ್ಲಿ. ಅದನ್ನು ಒರೆಗೆ ಹಚ್ಚಿದ್ದು ಜನರಲ್ ಮೋಟಾರ್ಸಿನ ಕಾರ್ಖಾನೆಯ ಯಂತ್ರದ ಮೇಲೆ. ಸರ್ಕಾರಿ ನೌಕರರು ಬರೆದ ಕೋಡ್ ಆದ್ದರಿಂದ ಸಾರ್ವಜನಿಕರ ಸ್ವತ್ತಾಯಿತು. ಇಎಂಸಿ ಎಂಬ ಕಂಪನಿಯೊಂದು ಹೆಸರಿಗೆ ತಕರಾರು ತೆಗೆದದ್ದರಿಂದ 2011ರಲ್ಲಿ ಈಗಿನ ಹೆಸರು ಬಂತು. ನಮ್ಮ ಕಡೆಯ ಹಲವು ಶೆಡ್ಡುಗಳಲ್ಲಿ ವಿಂಡೋಸಿನ ಮೇಲೆ ಓಡುವ, ಕೋಡ್ ಮುಚ್ಚಿದ ತಂತ್ರಾಂಶ ಮ್ಯಾಕ್3ರ ಬೇರೂ ಅದೇ ಇಎಂಸಿಯ ಕೋಡಿನಲ್ಲಿದೆ. ಅಂದರೆ ಮುಕ್ತವಾದದ್ದೇ ಮೊದಲು, ಬೀಗ ಬಿದ್ದದ್ದು ಆಮೇಲೆ.

ತಂತ್ರಜ್ಞಾನದ ಇತಿಹಾಸಕಾರ ಡೇವಿಡ್ ನೋಬಲ್ 1984ರಲ್ಲಿ ಪ್ರಕಟಿಸಿದ 'ಫೋರ್ಸಸ್ ಆಫ್ ಪ್ರೊಡಕ್ಷನ್' ಈ ಚರ್ಚೆಗೆ ಬೇಕಾದ ಪುಸ್ತಕ. ಎರಡನೆಯ ಮಹಾಯುದ್ಧದ ನಂತರದ ಅಮೆರಿಕದಲ್ಲಿ ಯಂತ್ರಗಳನ್ನು ತಾವಾಗಿಯೇ ಓಡಿಸಲು ಎರಡು ದಾರಿಗಳಿದ್ದವು. ನುರಿತ ಕೆಲಸಗಾರನ ಕೈಚಲನೆಯನ್ನೇ ಟೇಪಿನಲ್ಲಿ ದಾಖಲಿಸಿ ಯಂತ್ರದಿಂದ ಪುನಃ ಮಾಡಿಸುವುದು ಒಂದು. ಕೆಲಸವನ್ನು ಆಫೀಸಿನಲ್ಲಿ ಕೂತವರು ಸಂಖ್ಯೆಗಳಲ್ಲಿ ಬರೆದು ಕಳಿಸುವುದು ಇನ್ನೊಂದು. ಎರಡನೆಯದು ಗೆದ್ದದ್ದು ತಾಂತ್ರಿಕ ಕಾರಣಗಳಿಂದ ಮಾತ್ರವಲ್ಲ, ವಿದ್ಯೆಯನ್ನು ಯಂತ್ರದ ಬುಡದಿಂದ ಆಫೀಸಿಗೆ ಸಾಗಿಸುವ ಆಸೆಯಿಂದಲೂ ಎಂದು ನೋಬಲ್ ವಾದಿಸುತ್ತಾನೆ. ಸಿಎನ್‌ಸಿ ಬಂದು ಆಚಾರಿಗಳ ವಿದ್ಯೆ ಹೋಯಿತು ಎಂದು ನಮ್ಮಲ್ಲಿ ಕೊರಗುವವರು ಈ ಭಾಗವನ್ನು ಗಮನಿಸಿಲ್ಲ. ನಮ್ಮ ಶೆಡ್ಡುಗಳಲ್ಲಿ ಮಾಲಕನೂ ಕೆಲಸಗಾರನೂ ಒಬ್ಬನೇ. ವಿದ್ಯೆ ಇಲ್ಲಿ ಆಫೀಸಿಗೆ ಹೋಗುವುದಿಲ್ಲ. ಹೋಗುವುದಾದರೆ ಕಂಟ್ರೋಲರ್ ಮಾರಿದವನ ಕೈಗೆ. ಎಲ್ಲ ಬಾಗಿಲಿನ ಮೇಲೂ ಒಂದೇ ನವಿಲು ಕೂತಿರುವುದು ಯಂತ್ರದ ತಪ್ಪಲ್ಲ, ಒಂದೇ ಪೆನ್‌ಡ್ರೈವ್ ಊರೆಲ್ಲ ಸುತ್ತಿದ್ದರ ಫಲ.

ಇನ್ನು ಮುಕ್ತ ತಂತ್ರಾಂಶದ ಅಭಿಮಾನಿಗಳಾದ ನನ್ನವರ ಮೇಲಿನ ದೂರು. ಉಡುಪಿ ಸುತ್ತಿನ ಎಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟುಗಳಲ್ಲಿ ಇನ್ನೊಂದು ಮುಕ್ತ ತಂತ್ರಾಂಶವಾದ ಜಿಆರ್‌ಬಿಎಲ್ ಮತ್ತೆ ಮತ್ತೆ ಕಾಣುತ್ತದೆ. ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ 2009ರಲ್ಲಿ ಶುರುಮಾಡಿದ ಈ ತಂತ್ರಾಂಶ ಚೊಕ್ಕವಾದದ್ದು, 32 ಕಿಲೋಬೈಟಿನ ಪುಟ್ಟ ಬೋರ್ಡು ಆರ್ಡುಯಿನೊ ಉನೊದೊಳಗೆ ಅಷ್ಟು ಕೆಲಸ ಹಿಡಿಸಿದ್ದು ಕುಸುರಿ ಕೆಲಸವೇ ಸರಿ. ಆದರೆ ಅದನ್ನೇ ಬಾಗಿಲು ಕೆತ್ತುವ ಯಂತ್ರಕ್ಕೂ ಹಾಕಿ ಎನ್ನುವವರು ಲೆಕ್ಕ ಮಾಡಿಲ್ಲ. ಉನೊದ ಮೇಲೆ ಅದು ಸೆಕೆಂಡಿಗೆ ಕೊಡಬಲ್ಲದ್ದು ಮೋಟಾರನ್ನು ಹೆಜ್ಜೆಹೆಜ್ಜೆಯಾಗಿ ತಿರುಗಿಸುವ ಸುಮಾರು 30,000 ಪಲ್ಸ್. ಮೋಟಾರಿನ ಒಂದು ಸುತ್ತಿಗೆ 2,000 ಪಲ್ಸ್, ಸ್ಕ್ರೂವಿನ ಒಂದು ಸುತ್ತಿಗೆ 5 ಮಿಲಿಮೀಟರ್ ಎಂದು ಹಿಡಿಯೋಣ. ಒಂದು ಮಿಲಿಮೀಟರಿಗೆ 400 ಪಲ್ಸ್ ಆಯಿತು, ನಿಮಿಷಕ್ಕೆ ನಾಲ್ಕೂವರೆ ಮೀಟರಿಗೆ ಓಟ ಮುಗಿಯಿತು. ಉಬ್ಬುಕೆತ್ತನೆಯ ಫೈಲುಗಳಲ್ಲಿ ಚೂರುಚೂರು ಗೆರೆಗಳೇ ಸಾವಿರಾರು. ಮುಂದಿನ ಹದಿನೈದಿಪ್ಪತ್ತು ಗೆರೆಗಳನ್ನಷ್ಟೇ ಕಾಣಬಲ್ಲ ಜಿಆರ್‌ಬಿಎಲ್ ಅಲ್ಲಿ ತಡವರಿಸುತ್ತದೆ, ತಡವರಿಸಿದ ಕಡೆ ಬಿಟ್ ಉಜ್ಜಿ ಮರ ಕಪ್ಪಾಗುತ್ತದೆ. ಪ್ಯಾರಲಲ್ ಪೋರ್ಟಿನ ಲಿನಕ್ಸ್‌ಸಿಎನ್‌ಸಿಗೂ ಪಲ್ಸಿನ ಮಿತಿ ಇದೆ. ಅದನ್ನು ದಾಟಲು ಪಲ್ಸುಗಳನ್ನು ತಾನೇ ಹುಟ್ಟಿಸುವ ಎಫ್‌ಪಿಜಿಎ ಕಾರ್ಡು ಬೇಕು, ಕಾರ್ಡಿಗೆ ದುಡ್ಡು ಬೇಕು. ತುರ್ತುನಿಲುಗಡೆಯ ಗುಂಡಿಯನ್ನು ತಂತ್ರಾಂಶಕ್ಕೆ ಬಿಡದೆ ನೇರ ವಿದ್ಯುತ್ತಿಗೇ ಜೋಡಿಸಬೇಕು, ಅದಕ್ಕೂ ಖರ್ಚಿದೆ. 'ಉಚಿತ' ಎಂದು ಶುರುಮಾಡಿದವನು ಇಲ್ಲಿಗೆ ಬಂದಾಗ ಸುಳ್ಳುಗಾರನಾಗುತ್ತಾನೆ.

ಇದಕ್ಕಿಂತ ದೊಡ್ಡ ತಪ್ಪು ಭಾಷೆಯದು. ಕನ್ನಡ ಕಂಪ್ಯೂಟರಿಗೆ ಬಂದದ್ದು ಹೇಗೆಂದು ನೆನೆಯಿರಿ. ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದು ಬೇರೂರಿದ್ದು ದುಡ್ಡಿಲ್ಲದೆ ಸಿಕ್ಕಿದ್ದಕ್ಕಲ್ಲ. ಕಾಗುಣಿತ ಬಲ್ಲ ಯಾರಿಗೂ ಅದರ ತರ್ಕ ತಾನಾಗಿ ಹೊಳೆಯುತ್ತಿತ್ತು, ನುಡಿಯಂಥ ಕನ್ನಡ ತಂತ್ರಾಂಶಗಳು ಅದನ್ನೇ ಎತ್ತಿಕೊಂಡವು. ಯಂತ್ರದ ಲೋಕದಲ್ಲಿ ನಾವು ಅಷ್ಟು ದೂರ ಬಂದಿಲ್ಲ. ನಾನು ಹಾಕಿಕೊಟ್ಟ ಯಾವ ಯಂತ್ರದ ಪರದೆಯಲ್ಲೂ ಕನ್ನಡ ಇಲ್ಲ. 'ಜಾಯಿಂಟ್ 0 ಫಾಲೋಯಿಂಗ್ ಎರರ್' ಎಂದು ಬಂದರೆ, ಮೋಟಾರು ಹೋಗಬೇಕಾದಲ್ಲಿಗೆ ಹೋಗದೆ ಹಿಂದೆ ಉಳಿಯಿತು ಎಂಬ ಸರಳ ಸಂಗತಿ ಆಚಾರ್ರಿಗೆ ತಿಳಿಯುವುದಿಲ್ಲ. ಕೋಡ್ ತೆರೆದಿಟ್ಟು ಮಾತನ್ನು ಮುಚ್ಚಿಟ್ಟರೆ ಅವರ ಪಾಲಿಗೆ ಅದೂ ಇನ್ನೊಂದು ಬೀಗವೇ.

ಮುಚ್ಚಿಡುವ ಈ ತಪ್ಪನ್ನು ನಾನೂ ಮಾಡಿದ್ದೇನೆ. ಕಾರ್ಕಳದ ಬದಿಯಲ್ಲಿ ಒಬ್ಬರಿಗೆ ಯಂತ್ರ ಸರಿಮಾಡಿಕೊಟ್ಟು, ಯಾವ ಪಿನ್ನಿಗೆ ಯಾವ ವಯರು, ಮಿಲಿಮೀಟರಿಗೆ ಎಷ್ಟು ಪಲ್ಸ್, ಏನನ್ನೂ ಬರೆದಿಡದೆ ಬಂದೆ. ಹಾರ್ಡ್‌ಡಿಸ್ಕ್ ಹಾಳಾದಾಗ ನಾನು ಊರಲ್ಲಿರಲಿಲ್ಲ. ಮದುವೆಯ ಮನೆಯೊಂದರ ಬಾಗಿಲು ಅರ್ಧಕ್ಕೇ ನಿಂತಿತ್ತು. ಅವರು ಮೂರು ವಾರ ಕಾದು, ಬೀಗವಿರುವ ಕಂಟ್ರೋಲರಿಗೇ ಮರಳಿದರು. ಅವರದು ಸರಿಯಾದ ನಿರ್ಧಾರ.

ಹೆಬ್ರಿಯ ಶೆಡ್ಡಿನಲ್ಲಿ ಆ ಮೇಲೆ ಬೇರೆ ಕ್ರಮ ಹಿಡಿದೆವು. ನಾನು ಹೇಳುತ್ತಾ ಹೋದೆ, ಆಚಾರ್ರು ತಮ್ಮ ಬಡಗಿ ಪೆನ್ಸಿಲ್ಲಿನಿಂದ ಪ್ಯಾನೆಲಿನ ಮುಚ್ಚಳದ ಒಳಮೈಯಲ್ಲಿ ಕನ್ನಡದಲ್ಲೇ ಬರೆದುಕೊಂಡರು: ಮೂರೂ ಅಕ್ಷಕ್ಕೆ 400, ಹತ್ತನೇ ಪಿನ್ ಎಕ್ಸ್ ಲಿಮಿಟ್, ಹನ್ನೊಂದು ವೈ, ಹನ್ನೆರಡು ಝಡ್, ಹಸಿರು ವಯರು ಅರ್ತ್, ಫೈಲಿನ ಇನ್ನೊಂದು ಪ್ರತಿ ದೇವರ ಕೋಣೆಯ ಪೆಟ್ಟಿಗೆಯಲ್ಲಿ. ಕಳೆದ ಏಪ್ರಿಲಿನಲ್ಲಿ ಸಿಡಿಲು ಬಡಿದು, ವಯರುಗಳನ್ನು ಕಂಪ್ಯೂಟರಿಗೆ ಕೂಡಿಸುವ ಬ್ರೇಕ್‌ಔಟ್ ಬೋರ್ಡು ಸುಟ್ಟಿತು. ಆಚಾರ್ರ ಮಗ ಉಡುಪಿಯಿಂದ ಹೊಸದು ತಂದು, ಮುಚ್ಚಳ ನೋಡಿಕೊಂಡು ಒಂದೊಂದೇ ವಯರು ಸಿಕ್ಕಿಸಿದ. ನನಗೆ ಫೋನು ಬಂದದ್ದು ಮರುದಿನ, ಹನ್ನೊಂದನೇ ಪಿನ್ನಿನ ಬರಹ ಅಳಿಸಿದಂತಿದೆ, ತಾನು ಓದಿದ್ದು ಸರಿಯೇ ಎಂದು ಕೇಳಲು. ಹಿಂದಿನಿಂದ ರೂಟರಿನ ಸದ್ದು ಕೇಳುತ್ತಿತ್ತು.